ವಾಲ್ವ್ ರಿಪೇರಿ ಮತ್ತು ಕಾಣದ ವೈರು

ನಮ್ಮಪ್ಪನಿಗೆ ವಾಲ್ವ್ ಅಂದರೆ ಗೊತ್ತಿದ್ದದ್ದು ಒಂದೇ, ಫುಟ್ ವಾಲ್ವ್. ತಿಪಟೂರು ಕಡೆಯ ನಮ್ಮ ತೋಟದ ತೆರೆದ ಬಾವಿಯಲ್ಲಿ, ಪೈಪಿನ ತಳದಲ್ಲಿ ಕೂತಿರುತ್ತಿತ್ತು ಅದು. ನೀರನ್ನು ಮೇಲಕ್ಕೆ ಬಿಡಬೇಕು, ಕೆಳಕ್ಕೆ ಬಿಡಬಾರದು, ಅಷ್ಟೇ ಅದರ ಕೆಲಸ. ಒಳಗಿನ ಚರ್ಮದ ವಾಷರ್ ಸವೆದರೆ ನೀರು ವಾಪಸ್ ಇಳಿದು ಹೋಗುತ್ತಿತ್ತು, ಮೋಟಾರ್ ಬರೀ ಗಾಳಿ ಕುಡಿಯುತ್ತಿತ್ತು. ಆಗ ಅಪ್ಪ ಬಾವಿಗೆ ಇಳಿದು ವಾಲ್ವ್ ಬಿಚ್ಚಿ ವಾಷರ್ ಬದಲಾಯಿಸುತ್ತಿದ್ದ. ನಾನು ಮೇಲೆ ಸ್ಟಾರ್ಟರ್ ಡಬ್ಬದ ಹತ್ತಿರ ನಿಂತು ಅವನು ಕೂಗಿದಾಗ ಹಸಿರು ಬಟನ್ ಒತ್ತುತ್ತಿದ್ದೆ.

ಹಾಗಾಗಿ ಅವ್ವನಿಗೆ ಹೃದಯದ ವಾಲ್ವ್ ಹಾಳಾಗಿದೆ, ಒಂದು ಗಂಟು ಕಟ್ಟಿಕೊಂಡು ಕಿರಿದಾಗಿದೆ, ಇನ್ನೊಂದು ಸೋರುತ್ತಿದೆ ಅಂತ ಡಾಕ್ಟರು ಹೇಳಿದಾಗ ಅಪ್ಪನಿಗೆ ನನಗಿಂತ ಬೇಗ ಅರ್ಥವಾಯಿತು. "ರಿಪೇರಿ ಆಯ್ತದಂತಾ?" ಅಂತ ಒಂದೇ ಪ್ರಶ್ನೆ ಕೇಳಿದ. ಆಯ್ತದೆ ಅಂದರು. ಆ ವರ್ಷದ ಕೊಬ್ಬರಿ ಪೂರ್ತಿ ಮಾರಿ, ನಾನು ಒಂದಷ್ಟು ಸಾಲ ಮಾಡಿ, ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಯಾವ ಆಸ್ಪತ್ರೆ ಅನ್ನೋದು ಈ ಬರಹಕ್ಕೆ ಬೇಡ.

ಆಪರೇಷನ್ ಚೆನ್ನಾಗಿ ಆಯಿತು. ವಾಲ್ವ್ ಬಿಡಿಸಿದ್ದರು, ಸೋರುವ ಇನ್ನೊಂದಕ್ಕೆ ಉಂಗುರ ಹಾಕಿ ಬಿಗಿ ಮಾಡಿದ್ದರು. ಆದರೆ ಅವ್ವನ ಎದೆಯ ಕೆಳಗಿನಿಂದ ತೆಳ್ಳನೆಯ ವೈರುಗಳು ಹೊರಬಂದು, ಹಾಸಿಗೆ ಪಕ್ಕದ ಒಂದು ಡಬ್ಬಕ್ಕೆ ಸೇರಿದ್ದವು. ಡಬ್ಬದ ಮೇಲೆ ಲೈಟು ಮಿಣಮಿಣ ಅನ್ನುತ್ತಿತ್ತು. ಎರಡು ದಿನದಲ್ಲಿ ತೆಗೀತೀವಿ ಅಂದವರು ನಾಲ್ಕು ದಿನ ಆದರೂ ತೆಗೆಯಲಿಲ್ಲ. ಡಬ್ಬ ನಿಧಾನ ಮಾಡಿ ನೋಡಿದರೆ ಅವ್ವನ ನಾಡಿ ಮೂವತ್ತೆಂಟಕ್ಕೆ ಇಳಿಯುತ್ತಿತ್ತು. ಏಳನೇ ದಿನ ಹೇಳಿದರು, ಪರ್ಮನೆಂಟ್ ಪೇಸ್‌ಮೇಕರ್ ಹಾಕಬೇಕು ಅಂತ.

ಅಪ್ಪ ಕಾರಿಡಾರಿನ ಬೆಂಚಿನ ಮೇಲೆ ಕೂತು ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಅಲ್ಲ ಕಣ್ಲಾ, ವಾಲ್ವ್ ರಿಪೇರಿ ಮಾಡಕ್ ಹೋಗಿ ಕರೆಂಟ್ ಲೈನ್ ಕಟ್ ಮಾಡವ್ರಾ ಇವ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಇ ಓದಿ ಹತ್ತು ವರ್ಷ ಕೋಡ್ ಬರೆದವನಿಗೆ ಒಂದು ಬಗ್ ಸರಿಮಾಡಲು ಹೋಗಿ ಇನ್ನೊಂದು ಕಡೆ ಕೆಡಿಸೋದು ಏನೂ ಹೊಸದಲ್ಲ. ಆದರೆ ಅದು ಅವ್ವನ ಎದೆಯಲ್ಲಿ ಆದರೆ? ಅಪ್ಪನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಗೊತ್ತಾಯಿತು, ಇದನ್ನು ನಮ್ಮಪ್ಪ ಕೇಳುವುದಕ್ಕೆ ಅರವತ್ತು ವರ್ಷ ಮೊದಲೇ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಒಬ್ಬ ಸರ್ಜನ್ ತನ್ನನ್ನೇ ಕೇಳಿಕೊಂಡಿದ್ದ. ಇವತ್ತು ಜಗತ್ತಿನಾದ್ಯಂತ ಲಕ್ಷಾಂತರ ಜನರ ಎದೆಯಲ್ಲಿರುವ ಪೇಸ್‌ಮೇಕರ್‌ನ ಮೊದಲ ರೂಪಗಳಲ್ಲಿ ಒಂದು ಹುಟ್ಟಿದ್ದು ಇದೇ ಪ್ರಶ್ನೆಯಿಂದ.

*

ಮೊದಲು ವಾಲ್ವ್ ಕಥೆ. ಅವ್ವನಿಗೆ ಚಿಕ್ಕವಳಿದ್ದಾಗ ಗಂಟಲು ನೋವು, ಜ್ವರ, ಮಂಡಿ ಊತ ಬರುತ್ತಿತ್ತಂತೆ. ಅಜ್ಜಿ ಹರಳೆಣ್ಣೆ ಹಚ್ಚಿ ನೀವುತ್ತಿದ್ದಳಂತೆ, ಕಡಿಮೆಯೂ ಆಗುತ್ತಿತ್ತಂತೆ. ಅದು ರುಮ್ಯಾಟಿಕ್ ಜ್ವರ. ಗಂಟಲಿಗೆ ಬರುವ ಒಂದು ಬ್ಯಾಕ್ಟೀರಿಯಾ ವಿರುದ್ಧ ದೇಹ ಹೋರಾಡುವಾಗ ಗುರಿ ತಪ್ಪಿ ತನ್ನದೇ ಕೀಲು, ತನ್ನದೇ ಹೃದಯದ ವಾಲ್ವ್ ಮೇಲೆ ಬೀಳುತ್ತದೆ. ಕೀಲನ್ನು ನೆಕ್ಕಿ ಹೃದಯವನ್ನು ಕಚ್ಚುವ ಜ್ವರ ಅಂತ ವೈದ್ಯರಲ್ಲಿ ಹಳೆಯ ಮಾತೇ ಇದೆ. ಕೀಲು ನೋವು ಹೋಗುತ್ತದೆ. ವಾಲ್ವ್ ಮೇಲಿನ ಗಾಯ ಮಾತ್ರ ವರ್ಷಗಟ್ಟಲೆ ಗಟ್ಟಿಯಾಗುತ್ತಾ, ಎರಡು ಎಸಳುಗಳು ಅಂಟಿಕೊಳ್ಳುತ್ತಾ ಬಂದು, ನಲವತ್ತು ಐವತ್ತರ ವಯಸ್ಸಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಬಡತನ, ಇಕ್ಕಟ್ಟಾದ ಮನೆ, ಹತ್ತಿರದಲ್ಲಿ ಡಾಕ್ಟರಿಲ್ಲದ ಊರು, ಇವೆಲ್ಲ ಇದ್ದ ಕಡೆ ಈ ಕಾಯಿಲೆಯೂ ಇರುತ್ತದೆ.

ಈ ಅಂಟಿದ ವಾಲ್ವನ್ನು ಬಿಡಿಸಬಹುದು ಅಂತ ಮೊದಲು ಕೈ ಹಾಕಿದ್ದು 1923ರಲ್ಲಿ, ಬಾಸ್ಟನ್‌ನ ಎಲಿಯಟ್ ಕಟ್ಲರ್. ಹನ್ನೆರಡು ವರ್ಷದ ಹುಡುಗಿಗೆ, ಬಡಿಯುತ್ತಿರುವ ಹೃದಯದೊಳಗೆ ಚಾಕು ತೂರಿಸಿ ಆಪರೇಷನ್ ಮಾಡಿದರು. ಆ ಹುಡುಗಿ ನಾಲ್ಕು ವರ್ಷಕ್ಕೂ ಹೆಚ್ಚು ಬದುಕಿದಳು. ಆದರೆ ಆಮೇಲಿನ ರೋಗಿಗಳು ಉಳಿಯಲಿಲ್ಲ, ಕಟ್ಲರ್ ಆ ಕೆಲಸ ಬಿಟ್ಟರು. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಚಾಕು ಬಿಟ್ಟು ಬೆರಳನ್ನೇ ಹೃದಯದೊಳಗೆ ತೂರಿಸಿ ವಾಲ್ವ್ ಅಗಲ ಮಾಡಿದರು. ಆ ಹುಡುಗಿಯೂ ಬದುಕಿದಳು. ಆದರೂ ಬೇರೆ ವೈದ್ಯರು ಅವರ ಹತ್ತಿರ ಇನ್ನೊಬ್ಬ ರೋಗಿಯನ್ನು ಕಳಿಸಲೇ ಇಲ್ಲ. ಹೃದಯವನ್ನು ಮುಟ್ಟಬಾರದು ಅನ್ನುವ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. ಮತ್ತೆ ಯಾರಾದರೂ ಗೆಲ್ಲಬೇಕಾದರೆ 1948 ಬರಬೇಕಾಯಿತು. ಆ ವರ್ಷ ಫಿಲಡೆಲ್ಫಿಯಾದಲ್ಲಿ ಚಾರ್ಲ್ಸ್ ಬೈಲಿ, ಬಾಸ್ಟನ್‌ನಲ್ಲಿ ಡ್ವೈಟ್ ಹಾರ್ಕೆನ್, ಲಂಡನ್ನಿನಲ್ಲಿ ರಸೆಲ್ ಬ್ರಾಕ್, ಮೂವರೂ ಕೆಲವೇ ತಿಂಗಳ ಅಂತರದಲ್ಲಿ ಗೆದ್ದರು.

ಇವರೆಲ್ಲ ಕುರುಡರ ಹಾಗೆ ಕೆಲಸ ಮಾಡಿದವರು. ಹೃದಯದ ಒಳಗೆ ಬೆರಳು ಹೋಗುತ್ತಿತ್ತು, ಕಣ್ಣು ಹೋಗುತ್ತಿರಲಿಲ್ಲ. 1953ರಲ್ಲಿ ಜಾನ್ ಗಿಬ್ಬನ್ ಅವರ ಹಾರ್ಟ್ ಲಂಗ್ ಮೆಷಿನ್ ಕೆಲಸ ಮಾಡಿ ತೋರಿಸಿದ ಮೇಲೆ ಹೃದಯವನ್ನು ತೆರೆದು, ಒಳಗೆ ಬೆಳಕು ಬಿಟ್ಟು, ನೋಡಿಕೊಂಡು ಹೊಲಿಯುವ ದಾರಿ ಸಿಕ್ಕಿತು. ಇನ್ನೇನು, ಕಾಣುತ್ತಿದೆಯಲ್ಲ ಎಲ್ಲ ಸರಿಹೋಯಿತು ಅಂದುಕೊಂಡರು. ಸಮಸ್ಯೆ ಶುರುವಾಗಿದ್ದು ಅಲ್ಲೇ. ಕಣ್ಣಿಗೆ ಕಾಣದ ಒಂದು ವಸ್ತು ಅಲ್ಲಿತ್ತು.

*

ಹೊಸ ಮನೆ ಕಟ್ಟಿದವರಿಗೆ ಇದು ಗೊತ್ತಿರುತ್ತದೆ. ವೈರಿಂಗ್ ಎಲ್ಲ ಗೋಡೆಯೊಳಗೆ ಹೋಗಿರುತ್ತದೆ. ಮೇಲೆ ಗಾರೆ, ಬಣ್ಣ. ಕ್ಯಾಲೆಂಡರ್ ಹಾಕಲು ಮೊಳೆ ಹೊಡೆದರೆ ಒಂದೊಂದು ಸಲ ಪಟ್ ಅಂತ ರೂಮಿನ ಲೈಟೇ ಹೋಗುತ್ತದೆ. ಮೊಳೆ ಹೊಡೆದವನ ತಪ್ಪಾ? ಗೋಡೆ ನೋಡಿದರೆ ಎಲ್ಲ ಕಡೆಯೂ ಒಂದೇ ಥರ.

ಹೃದಯದಲ್ಲೂ ಇಂಥ ವೈರಿಂಗ್ ಇದೆ. ಮೇಲಿನ ಕೋಣೆಯಲ್ಲಿ ತಾನಾಗಿಯೇ ಮಿಡಿಯುವ ಒಂದು ಗಂಟು, ಅಲ್ಲಿಂದ ಹೊರಟ ಸಂದೇಶ ನಡುವಿನ ಇನ್ನೊಂದು ಗಂಟಿಗೆ ಬಂದು, ಒಂದು ಕ್ಷಣ ನಿಂತು, ಸಣ್ಣ ಕಟ್ಟಿನ ಮೂಲಕ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಆ ಕಟ್ಟನ್ನು 1893ರಲ್ಲಿ ಕಂಡುಹಿಡಿದವರು ವಿಲ್ಹೆಲ್ಮ್ ಹಿಸ್. ಅದು ಎಲ್ಲಿ ಶುರುವಾಗಿ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಪೂರ್ತಿ ಬಿಡಿಸಿದ್ದು ಜಪಾನಿನಿಂದ ಜರ್ಮನಿಗೆ ಓದಲು ಹೋಗಿದ್ದ ಸುನಾವೊ ತವಾರಾ ಅನ್ನುವ ತರುಣ. ಮಾರ್ಬುರ್ಗ್‌ನ ಲ್ಯಾಬಿನಲ್ಲಿ ಹೃದಯಗಳನ್ನು ಎಳೆ ಎಳೆಯಾಗಿ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಹೋಗಿ, ನಡುವಿನ ಗಂಟು, ಅದರಿಂದ ಹೊರಟ ಕಾಂಡ, ಕಾಂಡದಿಂದ ಒಡೆದ ಕೊಂಬೆಗಳು, ಇಷ್ಟೂ ಒಂದೇ ಮರ ಅಂತ 1906ರಲ್ಲಿ ತೋರಿಸಿದರು. ಅದೇ ಬೇಸಿಗೆಯಲ್ಲಿ ಇಂಗ್ಲೆಂಡಿನ ಹಳ್ಳಿಮನೆಯೊಂದರಲ್ಲಿ ಆರ್ಥರ್ ಕೀತ್ ಹೆಂಡತಿ ಜೊತೆ ಸೈಕಲ್ ಹೊಡೆದು ವಾಪಸ್ ಬಂದಾಗ, ಮೆಡಿಕಲ್ ವಿದ್ಯಾರ್ಥಿ ಮಾರ್ಟಿನ್ ಫ್ಲ್ಯಾಕ್ ಒಂದು ಮೋಲ್ ಪ್ರಾಣಿಯ ಹೃದಯದಲ್ಲಿ ಮೇಲಿನ ಗಂಟನ್ನು ಹಿಡಿದು ಕೂತಿದ್ದ. ಮೋಲ್ ಅಂದರೆ ನೆಲ ಬಗೆಯುವ ಹೆಗ್ಗಣದಂಥ ಸಣ್ಣ ಪ್ರಾಣಿ. 1907ರಲ್ಲಿ ಅದು ಪ್ರಕಟವಾಯಿತು.

ಈ ವೈರಿಂಗ್ ಹೋಗುವ ಜಾಗ ಎಲ್ಲಿ ಗೊತ್ತಾ? ನಡುವಿನ ಗಂಟು ಕೂತಿರುವುದು ಬಲಗಡೆಯ ಟ್ರೈಕಸ್ಪಿಡ್ ವಾಲ್ವಿನ ಬುಡಕ್ಕೆ ತಾಗಿಕೊಂಡೇ. ಅದರಿಂದ ಹೊರಟ ಹಿಸ್ ಕಟ್ಟು ನುಗ್ಗಿ ಹೋಗುವುದು ಮೈಟ್ರಲ್, ಟ್ರೈಕಸ್ಪಿಡ್, ಅಯೋರ್ಟಿಕ್, ಮೂರೂ ವಾಲ್ವುಗಳು ಸೇರುವ ಗಟ್ಟಿ ಮೂಲೆಯಲ್ಲಿ. ಅಂದರೆ ವಾಲ್ವ್ ರಿಪೇರಿಯವನು ಎಲ್ಲಿ ಹೊಲಿಗೆ ಹಾಕಬೇಕೋ ಅದರ ಪಕ್ಕದಲ್ಲೇ, ಕೆಲವು ಮಿಲಿಮೀಟರ್ ಆಚೆ. ಬಣ್ಣದಲ್ಲೂ ಮುಟ್ಟಿದರೂ ಸುತ್ತಲಿನ ಮಾಂಸಕ್ಕಿಂತ ಬೇರೆ ಅಂತ ಗೊತ್ತಾಗುವುದಿಲ್ಲ. ಸರ್ಜನ್‌ಗೆ ಗೊತ್ತಿರುವುದು ಮ್ಯಾಪ್ ಮಾತ್ರ. ವೈರು ಕಾಣುವುದಿಲ್ಲ.

*

ಈಗ ಮಿನಿಯಾಪೊಲಿಸ್. ಮಿನೆಸೋಟಾ ವಿಶ್ವವಿದ್ಯಾಲಯದ ಸರ್ಜನ್ ವಾಲ್ಟನ್ ಲಿಲ್ಲೆಹೈ 1954ರಲ್ಲಿ ಒಂದು ಸಾಹಸಕ್ಕೆ ಇಳಿದರು. ಪುಟ್ಟ ಮಗುವಿನ ಹೃದಯ ತೆರೆದಾಗ ಅದರ ರಕ್ತ ಹರಿಸಲು ಮೆಷಿನ್ ಬದಲು ಅಪ್ಪನನ್ನೋ ಅಮ್ಮನನ್ನೋ ಪಕ್ಕದ ಟೇಬಲ್ ಮೇಲೆ ಮಲಗಿಸಿ, ಅವರ ರಕ್ತನಾಳಗಳಿಗೇ ಮಗುವಿನ ರಕ್ತನಾಳ ಜೋಡಿಸಿಬಿಟ್ಟರು. ಮಗುವಿನ ಹೃದಯ ರಿಪೇರಿ ಆಗುವಷ್ಟು ಹೊತ್ತು ಹೆತ್ತವರ ಹೃದಯ ಇಬ್ಬರಿಗೂ ಬಡಿಯಬೇಕು. ಹೀಗೆ 45 ಮಕ್ಕಳಿಗೆ ಆಪರೇಷನ್ ಮಾಡಿದರು, 28 ಮಕ್ಕಳು ಮನೆಗೆ ಹೋದವು. ಬೇರೆ ದಾರಿಯೇ ಇಲ್ಲದ ಕಾಲದಲ್ಲಿ ಅದು ಪವಾಡ.

ಅವರು ಮುಖ್ಯವಾಗಿ ಮುಚ್ಚುತ್ತಿದ್ದದ್ದು ಹೃದಯದ ಕೆಳಕೋಣೆಗಳ ನಡುವಿನ ತೂತನ್ನು. ಆ ತೂತಿನ ಅಂಚಿನಲ್ಲೇ ಹಿಸ್ ಕಟ್ಟು ಹಾದುಹೋಗುತ್ತದೆ. ತೂತು ಚೆನ್ನಾಗಿ ಮುಚ್ಚಿಕೊಳ್ಳುತ್ತಿತ್ತು, ಹೃದಯ ಮತ್ತೆ ಶುರುವಾಗುತ್ತಿತ್ತು, ಆದರೆ ಕೆಲವು ಮಕ್ಕಳಲ್ಲಿ ಮೇಲಿನ ಕೋಣೆ ಒಂದು ತಾಳ, ಕೆಳಗಿನದು ಇನ್ನೊಂದು ತಾಳ. ಹೊಲಿಗೆ ವೈರನ್ನು ಹಿಡಿದಿತ್ತು. ಇದಕ್ಕೆ ಹಾರ್ಟ್ ಬ್ಲಾಕ್ ಅಂತಾರೆ. ನಾವು ಊರಲ್ಲಿ ರಕ್ತನಾಳ ಕಟ್ಟಿಕೊಂಡಿದ್ದಕ್ಕೂ ಬ್ಲಾಕ್ ಅಂತೀವಿ, ಇದು ಅದಲ್ಲ. ಇದು ಕರೆಂಟ್ ಬ್ಲಾಕ್. ಔಷಧಿ ಕೊಟ್ಟು ನೋಡಿದರು, ಹೆಚ್ಚಿನ ಮಕ್ಕಳು ಉಳಿಯಲಿಲ್ಲ. ತೂತಿನಿಂದ ಸಾಯಬೇಕಿದ್ದ ಮಗು ತೂತು ಮುಚ್ಚಿದ್ದರಿಂದ ಸತ್ತಿತು ಅಂದರೆ ಆ ಸರ್ಜನ್‌ಗೆ ರಾತ್ರಿ ಹೇಗೆ ನಿದ್ದೆ ಬಂದೀತು?

ಅಷ್ಟೊತ್ತಿಗೆ ಬಾಸ್ಟನ್‌ನ ಪಾಲ್ ಝೋಲ್ 1952ರಲ್ಲೇ ಎದೆಯ ಮೇಲಿಂದ ಕರೆಂಟ್ ಕೊಟ್ಟು ಹೃದಯ ಬಡಿಸಿ ತೋರಿಸಿದ್ದರು. ಆದರೆ ಅದು ಚರ್ಮ ಸುಡುತ್ತಿತ್ತು, ನೋವು ವಿಪರೀತ. ನಿಮಿಷಕ್ಕೆ ಎಪ್ಪತ್ತು ಸಲ, ದಿನಗಟ್ಟಲೆ, ಒಂದು ಮಗು ಆ ಶಾಕ್ ತಡೆದುಕೊಳ್ಳುವುದು ಸಾಧ್ಯವಿರಲಿಲ್ಲ. ಲಿಲ್ಲೆಹೈ ಅವರ ತಂಡಕ್ಕೆ ಫಿಸಿಯಾಲಜಿ ವಿಭಾಗದ ಜಾನ್ ಜಾನ್ಸನ್ ಒಂದು ಸರಳ ಮಾತು ಹೇಳಿದರು: ಲ್ಯಾಬಿನಲ್ಲಿ ಕಪ್ಪೆಯ ಸ್ನಾಯುವನ್ನು ಕುಣಿಸುವ ಸ್ಟಿಮ್ಯುಲೇಟರ್ ಇದೆ, ಅದರ ವೈರನ್ನು ನೇರ ಹೃದಯಕ್ಕೇ ಹಾಕಿ ನೋಡಬಹುದಲ್ಲ? ನಾಯಿಗಳ ಮೇಲೆ ಪ್ರಯೋಗ ಮಾಡಿ, 1957ರ ಜನವರಿಯಲ್ಲಿ ಒಂದು ಪುಟ್ಟ ಮಗುವಿನ ಹೃದಯಕ್ಕೆ ವೈರ್ ಹೊಲಿದರು. ಚರ್ಮದ ಮೇಲಿಂದ ಹತ್ತಾರು ವೋಲ್ಟ್ ಬೇಕಾಗುತ್ತಿದ್ದ ಕಡೆ ಒಂದೆರಡು ವೋಲ್ಟ್ ಸಾಕಾಯಿತು. ನೋವಿಲ್ಲ. ಮುಖ್ಯವಾದ ಇನ್ನೊಂದು ಪಾಠ ಅಲ್ಲೇ ಸಿಕ್ಕಿತು. ಎಷ್ಟೋ ಮಕ್ಕಳಲ್ಲಿ ಕೆಲವು ದಿನಕ್ಕೆ, ಕೆಲವು ವಾರಕ್ಕೆ ಹೃದಯದ ಸ್ವಂತ ಲೈನು ವಾಪಸ್ ಬರುತ್ತಿತ್ತು. ವೈರು ತುಂಡಾಗಿರಲಿಲ್ಲ, ಹೊಲಿಗೆಯ ಪಕ್ಕ ಊದಿಕೊಂಡಿತ್ತು ಅಷ್ಟೇ. ಊತ ಇಳಿದರೆ ಕರೆಂಟ್ ಬರುತ್ತದೆ. ಆಗ ವೈರನ್ನು ಮೆಲ್ಲಗೆ ಎಳೆದು ತೆಗೆದರೆ ಆಯಿತು.

ಅವ್ವನ ಎದೆಯಿಂದ ಹೊರಬಂದಿದ್ದ ಆ ತೆಳ್ಳನೆಯ ವೈರುಗಳು ಬಂದದ್ದು ಈ 1957ರ ವಾರ್ಡಿನಿಂದ. ಏಳು ದಿನ ಯಾಕೆ ಕಾಯಿಸಿದರು ಅಂತ ನಾನು ಬೈದುಕೊಂಡಿದ್ದೆ. ಅವರು ಊತ ಇಳಿಯಲಿ ಅಂತ ಕಾಯುತ್ತಿದ್ದರು. ಇವತ್ತಿಗೂ ಯುರೋಪಿನ ವೈದ್ಯರ ಮಾರ್ಗಸೂಚಿ ಆಪರೇಷನ್ ನಂತರದ ಇಂಥ ಬ್ಲಾಕ್‌ಗೆ ಕನಿಷ್ಠ 5 ದಿನ ಕಾದು ನೋಡಿ ಅನ್ನುತ್ತದೆ.

*

ಆ ಲ್ಯಾಬ್ ಸ್ಟಿಮ್ಯುಲೇಟರ್ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಕಾದ ದೊಡ್ಡ ಡಬ್ಬ. ಮಗುವನ್ನು ಒಂದು ಕಡೆಯಿಂದ ಇನ್ನೊಂದು ಕಡೆ ಕರೆದುಕೊಂಡು ಹೋಗಬೇಕಾದರೆ ಡಬ್ಬವನ್ನು ತಳ್ಳುಗಾಡಿಯಲ್ಲಿಟ್ಟು, ಕಾರಿಡಾರ್ ಉದ್ದಕ್ಕೂ ಎಕ್ಸ್‌ಟೆನ್ಷನ್ ವೈರ್ ಎಳೆಯಬೇಕು. 1957ರ ಅಕ್ಟೋಬರ್ 31ರಂದು ಮಿನಿಯಾಪೊಲಿಸ್‌ನಲ್ಲಿ ಕರೆಂಟ್ ಹೋಯಿತು. ಸುಮಾರು ಮೂರು ಗಂಟೆ ಬರಲಿಲ್ಲ.

ನಮ್ಮ ಊರಲ್ಲಿ ತ್ರೀ ಫೇಸ್ ರಾತ್ರಿ ಎರಡು ಗಂಟೆಗೆ ಬರುತ್ತಿತ್ತು. ಕರೆಂಟ್ ಹೋದರೆ ತೋಟಕ್ಕೆ ನೀರಿಲ್ಲ, ಅಷ್ಟೇ. ಅಲ್ಲಿ ಕರೆಂಟ್ ಹೋದರೆ ಮಕ್ಕಳ ಹೃದಯ ನಿಲ್ಲಬಹುದಿತ್ತು. ಲಿಲ್ಲೆಹೈ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡಲು ಬರುತ್ತಿದ್ದ ಒಬ್ಬ ಎಲೆಕ್ಟ್ರಿಕಲ್ ಎಂಜಿನಿಯರನ್ನು ಕರೆದು, ಬ್ಯಾಟರಿಯಲ್ಲಿ ನಡೆಯುವಂಥದ್ದು ಏನಾದರೂ ಮಾಡಿಕೊಡು ಅಂದರು. ಆತನ ಹೆಸರು ಅರ್ಲ್ ಬಾಕೆನ್. 1949ರಲ್ಲಿ ಭಾವನ ಜೊತೆ ಸೇರಿ ಗ್ಯಾರೇಜಿನಲ್ಲಿ ಒಂದು ರಿಪೇರಿ ಕಂಪನಿ ಶುರು ಮಾಡಿದ್ದ. ಮೊದಲ ತಿಂಗಳ ಆದಾಯ ಎಂಟು ಡಾಲರ್. ಕಂಪನಿಯ ಹೆಸರು ಮೆಡ್‌ಟ್ರಾನಿಕ್.

ಬಾಕೆನ್‌ಗೆ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಓದಿದ್ದ ಒಂದು ಸರ್ಕ್ಯೂಟ್ ನೆನಪಾಯಿತು. ಸಂಗೀತ ಕಲಿಯುವವರಿಗೆ ಟಕ್ ಟಕ್ ಅಂತ ತಾಳ ಹಾಕಿಕೊಡುವ ಮೆಟ್ರೊನೋಮ್. ಎರಡು ಟ್ರಾನ್ಸಿಸ್ಟರ್ ಅಷ್ಟೇ. ತಾಳ ಅಂದರೆ ತಾಳ, ಅದು ಸ್ಪೀಕರಿಗೆ ಹೋದರೇನು, ಹೃದಯಕ್ಕೆ ಹೋದರೇನು? ಸುಮಾರು ನಾಲ್ಕು ವಾರದಲ್ಲಿ ಅಂಗೈಯಷ್ಟು ಅಗಲದ ಡಬ್ಬದಲ್ಲಿ ಅದನ್ನು ಕೂರಿಸಿದ. ನಾಯಿಯ ಮೇಲೆ ಪರೀಕ್ಷೆ ಆಯಿತು. ಇನ್ನೂ ಸುಧಾರಿಸಬೇಕು ಅಂದುಕೊಂಡು ಮರುದಿನ ಆಸ್ಪತ್ರೆಗೆ ಹೋಗಿ ನೋಡಿದರೆ, ಡಬ್ಬ ಆಗಲೇ ಒಂದು ಮಗುವಿಗೆ ಜೋಡಣೆಯಾಗಿ ಕೆಲಸ ಮಾಡುತ್ತಿತ್ತು! ಪ್ರೋಟೋಟೈಪನ್ನು ನೇರ ಪ್ರೊಡಕ್ಷನ್‌ಗೆ ಹಾಕಿದರೆ ನಮ್ಮ ಆಫೀಸಲ್ಲಿ ಕೆಲಸ ಹೋಗುತ್ತದೆ. ಅಲ್ಲಿ ಕಾಯುವುದಕ್ಕೆ ಆ ಮಗುವಿಗೆ ಟೈಮ್ ಇರಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಪೇಸ್‌ಮೇಕರ್ ಅಂದರೆ ವಯಸ್ಸಾಗಿ ದಣಿದ ಹೃದಯಕ್ಕೆ ಹಾಕುವಂಥದ್ದು ಅಂತ ನಾವು ಅಂದುಕೊಂಡಿದ್ದೇವೆ. ಮೈಮೇಲೆ ಕಟ್ಟಿಕೊಂಡು ಓಡಾಡಬಹುದಾದ, ಬ್ಯಾಟರಿಯ ಈ ಪೇಸ್‌ಮೇಕರ್ ಹುಟ್ಟಿದ್ದು ಮುದುಕರಿಗಾಗಿ ಅಲ್ಲ. ರಿಪೇರಿಯಾದ ಹೃದಯಗಳಿಗಾಗಿ. ಹೃದಯ ಸರಿಮಾಡುವ ಕೈಯೇ ಕೆಡಿಸಿದ ಲೈನಿಗೆ ಪರಿಹಾರವಾಗಿ. ಅದೇ ಲಿಲ್ಲೆಹೈ ಅದೇ ವರ್ಷಗಳಲ್ಲಿ ಸೋರುವ ಮೈಟ್ರಲ್ ವಾಲ್ವನ್ನು ಕಣ್ಣಾರೆ ನೋಡಿ ಹೊಲಿದು ಬಿಗಿ ಮಾಡಿದವರಲ್ಲೂ ಮೊದಲಿಗರು. ವಾಲ್ವ್ ರಿಪೇರಿ, ಪೇಸ್‌ಮೇಕರ್ ಎರಡೂ ಒಂದೇ ಮನೆಯಲ್ಲಿ ಬೆಳೆದ ಅಕ್ಕತಂಗಿಯರು.

*

ಹೊರಗಿನ ಡಬ್ಬ ಒಳಗೆ ಹೋಗಿದ್ದು 1958ರ ಅಕ್ಟೋಬರ್ 8ರಂದು, ಸ್ಟಾಕ್‌ಹೋಮ್‌ನಲ್ಲಿ. 43 ವರ್ಷದ ಆರ್ನೆ ಲಾರ್ಸನ್ ದಿನಕ್ಕೆ ಹಲವು ಸಲ ಪ್ರಜ್ಞೆ ತಪ್ಪಿ ಬೀಳುತ್ತಿದ್ದ. ಅವನ ಹೆಂಡತಿ ಬಿಡದೆ ಬೆನ್ನು ಹತ್ತಿದ್ದರಿಂದ ಸರ್ಜನ್ ಆಕೆ ಸೆನ್ನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಇಬ್ಬರೂ ಒಪ್ಪಿದರು. ಬೂಟ್ ಪಾಲಿಶ್ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು, ಸರ್ಕ್ಯೂಟಿನ ಮೇಲೆ ಎಪಾಕ್ಸಿ ಸುರಿದು ಪೇಸ್‌ಮೇಕರ್ ತಯಾರಿಸಿದರು. ಮೊದಲನೆಯದು ಕೆಲವೇ ಗಂಟೆಗಳಲ್ಲಿ ಕೈಕೊಟ್ಟಿತು, ಇನ್ನೊಂದನ್ನು ಹಾಕಿದರು. ಲಾರ್ಸನ್ ಆಮೇಲೆ ಒಟ್ಟು 26 ಪೇಸ್‌ಮೇಕರ್ ಹಾಕಿಸಿಕೊಂಡು, ತನ್ನ ಸರ್ಜನ್ ಮತ್ತು ಎಂಜಿನಿಯರ್ ಇಬ್ಬರಿಗಿಂತಲೂ ಹೆಚ್ಚು ಕಾಲ ಬದುಕಿ, 2001ರಲ್ಲಿ 86ನೇ ವಯಸ್ಸಿನಲ್ಲಿ ಬೇರೆ ಕಾಯಿಲೆಯಿಂದ ತೀರಿಕೊಂಡ.

ಅದೇ 1958ರಲ್ಲಿ ನ್ಯೂಯಾರ್ಕಿನ ಸೀಮೋರ್ ಫರ್ಮನ್ ಇನ್ನೊಂದು ದಾರಿ ತೋರಿಸಿದರು. ಎದೆ ಕೊಯ್ಯುವುದೇ ಬೇಡ, ತೋಳಿನ ರಕ್ತನಾಳದ ಮೂಲಕ ವೈರನ್ನು ಹೃದಯದ ಬಲಗಡೆಗೆ ಇಳಿಸಬಹುದು ಅಂತ. ಮುಂದೆ ಇದೇ ರಾಜಮಾರ್ಗವಾಯಿತು. ಇವತ್ತು ಭುಜದ ಕೆಳಗೆ ಸಣ್ಣ ಜೇಬು ಮಾಡಿ ಪೇಸ್‌ಮೇಕರ್ ಇಟ್ಟು, ನಾಳದಿಂದ ವೈರ್ ಬಿಡುತ್ತಾರೆ, ಒಂದೆರಡು ಗಂಟೆಯ ಕೆಲಸ. ಆದರೆ ಆ ವೈರು ಕೆಳಗಿನ ಕೋಣೆಗೆ ಹೋಗಬೇಕಾದರೆ ಟ್ರೈಕಸ್ಪಿಡ್ ವಾಲ್ವನ್ನು ದಾಟಲೇಬೇಕು. ಬಾಗಿಲ ಸಂದಿಯಲ್ಲಿ ಹಗ್ಗ ಹಾಕಿದ ಹಾಗೆ. ಒಳ್ಳೆಯ ವಾಲ್ವ್ ಇದ್ದವರಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ರಿಪೇರಿಯಾದ ವಾಲ್ವ್ ಇದ್ದವರಲ್ಲಿ? ಬಿಗಿ ಮಾಡಿ ಸೋರದಂತೆ ಮಾಡಿದ ಬಾಗಿಲ ಸಂದಿಗೆ ಮತ್ತೆ ಹಗ್ಗ. ಆ ವೈರು ಒಂದು ಎಸಳನ್ನು ಒತ್ತಿ ಹಿಡಿದರೆ ಮತ್ತೆ ಸೋರಿಕೆ.

ಅಂದರೆ ಕಥೆ ಇಲ್ಲಿ ಒಂದು ಸುತ್ತು ಬರುತ್ತದೆ. ವಾಲ್ವ್ ರಿಪೇರಿ ವೈರಿಂಗನ್ನು ಕೆಡಿಸಬಹುದು, ವೈರಿಂಗ್ ರಿಪೇರಿ ವಾಲ್ವನ್ನು ಕೆಡಿಸಬಹುದು. ಅವ್ವನ ಪಾಡು ಇದೇ.

*

ಸರ್ಜನ್‌ಗಳು ಸುಮ್ಮನೆ ಕೂತಿರಲಿಲ್ಲ. ಪ್ಯಾರಿಸ್‌ನ ಅಲೈನ್ ಕಾರ್ಪಾಂತಿಯೆ 1960ರ ದಶಕದ ಕೊನೆಯಲ್ಲಿ, ವಾಲ್ವ್ ಕಿತ್ತು ಹೊಸದು ಹಾಕುವ ಬದಲು ಅದರ ಬಾಯಿಗೆ ಉಂಗುರ ಹೊಲಿದು ಮೂಲ ಆಕಾರಕ್ಕೆ ತರುವ ವಿಧಾನ ಬೆಳೆಸಿದರು. ಅವರ ಟ್ರೈಕಸ್ಪಿಡ್ ಉಂಗುರವನ್ನು ನೋಡಿದರೆ ಅದು ಪೂರ್ತಿ ಸುತ್ತಿಲ್ಲ. ಒಂದು ಕಡೆ ಬಾಯಿ ಬಿಟ್ಟಿದೆ, ಎತ್ತಿನ ಕಾಲಿನ ಲಾಳದ ಹಾಗೆ. ಯಾಕೆ ಅಂದರೆ ಆ ಬಾಯಿ ಬಿಟ್ಟ ಜಾಗದಲ್ಲೇ ತವಾರಾ ತೋರಿಸಿದ ಗಂಟು ಇದೆ. ಅಲ್ಲಿ ಸೂಜಿ ಹೋಗಬಾರದು ಅಂತಲೇ ಉಂಗುರವನ್ನು ಅಲ್ಲಿ ಬಿಟ್ಟಿದ್ದಾರೆ. 1906ರ ಮೈಕ್ರೋಸ್ಕೋಪಿನ ಮ್ಯಾಪು ಒಂದು ಉಂಗುರದ ಆಕಾರವಾಗಿ ಉಳಿದಿದೆ. ಒಂದು ಯಂತ್ರಭಾಗ ತನ್ನ ಚರಿತ್ರೆಯನ್ನು ಇಷ್ಟು ಸ್ಪಷ್ಟವಾಗಿ ಹೇಳುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆದರೂ ಅಪಾಯ ಪೂರ್ತಿ ಹೋಗಲಿಲ್ಲ. 2021ರ ಕೊನೆಯಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಮೈಟ್ರಲ್ ವಾಲ್ವ್ ಆಪರೇಷನ್ ಆದ 401 ಜನರಲ್ಲಿ ಅರ್ಧದಷ್ಟು ಜನಕ್ಕೆ ಟ್ರೈಕಸ್ಪಿಡ್ ಉಂಗುರವನ್ನೂ ಹಾಕಿದ್ದರು, ಉಳಿದವರಿಗೆ ಹಾಕಿರಲಿಲ್ಲ. ಉಂಗುರ ಹಾಕಿಸಿಕೊಂಡವರಲ್ಲಿ ಮುಂದೆ ಸೋರಿಕೆ ಹೆಚ್ಚಾಗುವುದು ಕಡಿಮೆಯಾಯಿತು. ಆದರೆ ಅವರಲ್ಲಿ ಶೇ. 14.1 ಜನರಿಗೆ ಪೇಸ್‌ಮೇಕರ್ ಬೇಕಾಯಿತು. ಹಾಕಿಸಿಕೊಳ್ಳದವರಲ್ಲಿ ಶೇ. 2.5. ಅವರದ್ದು ಅವ್ವನ ಥರ ಜ್ವರದಿಂದ ಬಂದ ವಾಲ್ವ್ ಕಾಯಿಲೆ ಅಲ್ಲ, ಸವೆತದಿಂದ ಬಂದದ್ದು. ಆಪರೇಷನ್ ಮಾಡಿದವರು ಅಮೆರಿಕ, ಕೆನಡಾ, ಜರ್ಮನಿಯ ನುರಿತ ಕೈಗಳು. ಆದರೂ ಏಳು ಜನರಲ್ಲಿ ಒಬ್ಬರಿಗೆ.

ಈ ಅಂಕಿ ಓದಿದ ರಾತ್ರಿ ನನ್ನೊಳಗಿನ ಸಿಟ್ಟು ಅರ್ಧ ಇಳಿಯಿತು. ಅವ್ವನ ಸರ್ಜನ್ ಅಜಾಗರೂಕತೆ ಮಾಡಿದ್ದರು ಅನ್ನುವುದಕ್ಕೆ ನನ್ನ ಹತ್ತಿರ ಇದ್ದ ಸಾಕ್ಷಿ ಒಂದೇ, ಪೇಸ್‌ಮೇಕರ್ ಬೇಕಾಯಿತು ಅನ್ನುವುದು. ಅದು ಸಾಕ್ಷಿಯೇ ಅಲ್ಲ ಅಂತ ಈ ಚರಿತ್ರೆ ಹೇಳುತ್ತಿತ್ತು.

ವೈರು ವಾಲ್ವನ್ನು ಕೆಡಿಸದಂತೆ ಮಾಡುವ ದಾರಿಗಳೂ ಬಂದಿವೆ. ಲೋಹದ ಟ್ರೈಕಸ್ಪಿಡ್ ವಾಲ್ವ್ ಇದ್ದರೆ ಅದನ್ನು ದಾಟಿಸುವಂತೆಯೇ ಇಲ್ಲ. ಆಗ ಹೃದಯದ ಹೊರಮೈಗೆ ವೈರ್ ಹೊಲಿಯುತ್ತಾರೆ, ಇಲ್ಲವೇ ಹೃದಯದ ಬೆನ್ನ ಹಿಂದಿನ ಸಿರೆಯಲ್ಲಿ ಬಳಸು ದಾರಿಯಲ್ಲಿ ತರುತ್ತಾರೆ. 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವೈರೇ ಇಲ್ಲದ ಪೇಸ್‌ಮೇಕರ್ ದೊಡ್ಡ ಮಾತ್ರೆಯಷ್ಟಿದ್ದು, ಇಡಿಯಾಗಿ ಹೃದಯದೊಳಗೇ ಕೂರುತ್ತದೆ, ವಾಲ್ವಿನ ಬಾಗಿಲಲ್ಲಿ ಏನೂ ಉಳಿಯುವುದಿಲ್ಲ. 2000ದಿಂದೀಚೆಗೆ ವೈರಿನ ತುದಿಯನ್ನು ನೇರ ಹಿಸ್ ಕಟ್ಟಿಗೇ ಚುಚ್ಚುವ ವಿಧಾನವೂ ಬಂದಿದೆ. 1893ರಲ್ಲಿ ಕಂಡ ಕಟ್ಟಿಗೆ ನೂರು ವರ್ಷದ ಮೇಲೆ ಪ್ಲಗ್ ಸಿಕ್ಕಿತು.

ಅವ್ವನಂಥವರಿಗೆ ಇನ್ನೊಂದು ತೊಡಕು ರಕ್ತ ತೆಳುವಾಗಿಸುವ ಮಾತ್ರೆ. ಭುಜದಲ್ಲಿ ಜೇಬು ಕೊಯ್ಯುವಾಗ ಮಾತ್ರೆ ನಿಲ್ಲಿಸಿದರೆ ರಕ್ತ ಹೆಪ್ಪುಗಟ್ಟುವ ಭಯ, ನಿಲ್ಲಿಸದಿದ್ದರೆ ಜೇಬಿನೊಳಗೆ ರಕ್ತ ತುಂಬುವ ಭಯ. ಮಾತ್ರೆ ನಿಲ್ಲಿಸಿ ಹೆಪಾರಿನ್ ಇಂಜೆಕ್ಷನ್ ಕೊಡುವುದು ಹಳೆಯ ರೂಢಿ. 2013ರಲ್ಲಿ ಕೆನಡಾದವರ ಮುಂದಾಳತ್ವದ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ವಾರ್ಫರಿನ್ ಮುಂದುವರಿಸಿದವರಲ್ಲಿ ಜೇಬಿಗೆ ರಕ್ತ ತುಂಬಿದ್ದು ಶೇ. 3.5, ಇಂಜೆಕ್ಷನ್ನಿಗೆ ಬದಲಾಯಿಸಿದವರಲ್ಲಿ ಶೇ. 16. ಜಾಗ್ರತೆ ಅಂದುಕೊಂಡು ಮಾಡುತ್ತಿದ್ದದ್ದೇ ಹೆಚ್ಚು ತೊಂದರೆ ಕೊಡುತ್ತಿತ್ತು.

*

ಅವ್ವನಿಗೆ ಕೊನೆಗೆ ಸಾಮಾನ್ಯ ಪೇಸ್‌ಮೇಕರನ್ನೇ ಹಾಕಿದರು, ವೈರು ಉಂಗುರ ಹಾಕಿದ ವಾಲ್ವನ್ನು ದಾಟಿಯೇ ಹೋಗಿದೆ. ವರ್ಷಕ್ಕೊಮ್ಮೆ ಎಕೋ ಮಾಡಿಸುತ್ತೇವೆ. ಡಾಕ್ಟರು ಸ್ಕ್ರೀನಿನಲ್ಲಿ ಸೋರಿಕೆಯ ಬಣ್ಣ ನೋಡುವಾಗ ನಾನು ಅವರ ಮುಖ ನೋಡುತ್ತಿರುತ್ತೇನೆ. ಇಲ್ಲಿಯವರೆಗೆ ಸ್ವಲ್ಪವೇ ಇದೆ ಅಂದಿದ್ದಾರೆ.

ಉಳಿದರ್ಧ ಸಿಟ್ಟಿನ ಕಥೆ ಹೇಳಿ ಮುಗಿಸುತ್ತೇನೆ. ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ಹಳೆಯ ಫೈಲು ತೆಗೆದು ನೋಡುತ್ತಿದ್ದೆ. ಆಪರೇಷನ್ ಹಿಂದಿನ ರಾತ್ರಿ ಸಹಿ ಮಾಡಿದ ಒಪ್ಪಿಗೆ ಪತ್ರ ಸಿಕ್ಕಿತು. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ತೊಂದರೆಗಳ ಪಟ್ಟಿಯ ಆರನೆಯ ಸಾಲು: ಶಾಶ್ವತ ಪೇಸ್‌ಮೇಕರ್ ಬೇಕಾಗಬಹುದು. ಕೆಳಗೆ ಸಹಿ ನನ್ನದು. ಆ್ಯಪ್ ಇನ್‌ಸ್ಟಾಲ್ ಮಾಡುವಾಗ ಓದದೆ ಒಪ್ಪಿದ್ದೇನೆ ಅಂತ ಒತ್ತುವ ಹಾಗೆ ಸಹಿ ಹಾಕಿದ್ದೆ. ಮನೆಯಲ್ಲಿ ಇಂಗ್ಲಿಷ್ ಬರುವವನು ನಾನೊಬ್ಬನೇ.

ಅವತ್ತು ಸಂಜೆ ಬಾವಿಯ ಕಟ್ಟೆ ಮೇಲೆ ಕೂತು ಅಪ್ಪನಿಗೆ ಎಲ್ಲ ಹೇಳಿದೆ. ಕಾಣದ ವೈರು, ಜಪಾನಿನವನ ಮ್ಯಾಪು, ಮಕ್ಕಳ ಕಥೆ, ಕರೆಂಟ್ ಹೋದ ರಾತ್ರಿ, ಲಾಳದಂಥ ಉಂಗುರ. ಆಮೇಲೆ ಸಹಿಯ ವಿಷಯವನ್ನೂ ಹೇಳಿದೆ. ಬಾವಿ ಈಗ ಬತ್ತಿದೆ, ಬೋರ್‌ವೆಲ್ ಬಂದಿದೆ, ಫುಟ್ ವಾಲ್ವ್ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡ.

"ಕಣ್ಗೆ ಕಾಣ್ದಿರೋ ವೈರಿಗೆ ಏಟ್ ಬಿದ್ರೆ ಯಾರ್ನ ಬೈಯ್ಯಾಕಾಯ್ತದೆ ಬುಡು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಹಿಂಗಾಗ್ಬೋದು ಅಂತ ಒಂದ್ ಮಾತು ಮೊದ್ಲೇ ಹೇಳಿದ್ರೆ ಆಯ್ತಿತ್ತಲ್ಲ. ಅವ್ರೂ ಹೇಳ್ನಿಲ್ಲ. ನೀನೂ ಹೇಳ್ನಿಲ್ಲ."

ಒಳಗೆ ಅವ್ವ ಕಾಫಿಗೆ ಕರೆದಳು. ಎದ್ದು ಹೋದೆವು.